ಚರಗದ ಹೊಲಕ್ಕೆ ಬಿದ್ದ ಹಸಿರು

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಮಂಜರಿ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಹೇಳಲಿ. ಈ ಸಲದ ಸಿಟ್ಟು ಮೂಗಿನದಲ್ಲ, ಹೊಟ್ಟೆಯೊಳಗಿನದು. ಅದರಲ್ಲಿ ಅರ್ಧ ಪುರಸಭೆಯ ಮೇಲೆ, ಅರ್ಧ ನನ್ನ ಮೇಲೆ.

ಊರ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆಯೇ ನನ್ನ ಮನೆಯ ಕಂಪೌಂಡು ರಸ್ತೆಯ ಮೇಲೆ ಬಂದಿದೆ ಎಂದು ನೋಟಿಸು ಕಳಿಸುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ಕಡೆಯ ಯಾವುದೋ ಒಂದು ಎಂದು ತಿಳಿದುಕೊಳ್ಳಿ. ಎಲ್ಲ ಕಡೆಯೂ ಕಥೆ ಒಂದೇ. ಹೋದ ಹಂಗಾಮಿನಲ್ಲಿ ಜೋಳ ಬೆಳೆದ ಕರಿಮಣ್ಣಿನ ಎರಿಹೊಲದಲ್ಲಿ ಈ ಹಂಗಾಮಿಗೆ ಪ್ಲಾಟಿನ ಬಿಳಿ ಗೂಟಗಳು ಎದ್ದಿರುತ್ತವೆ, ಗೂಟದ ಮುಂದೆ ಒಂದು ಕಮಾನು, ಕಮಾನಿನ ಮೇಲೆ ಯಾರದೋ ಹೆಂಡತಿಯ ಹೆಸರು.

ನಾನು ವಾಸುದೇವ ಗಲಗಲಿ. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿದೆ. ನನ್ನ ಕೈಯಲ್ಲಿ ಕಲಿತವರಿಗೆ ಬೇರೆ ಏನೂ ನೆನಪಿಲ್ಲದಿದ್ದರೂ ಒಂದು ಮಾತು ನೆನಪಿರುತ್ತದೆ: ನಕಾಶೆ ಕೈಗೆ ಬಂದರೆ ಮೊದಲು ಮೂಲೆಯಲ್ಲಿನ ಸೂಚಿ ಓದು, ಆಮೇಲೆ ಬಣ್ಣ ನೋಡು. ಯಾವ ಬಣ್ಣ ಎಂದರೆ ಏನು ಎಂದು ಬರೆದಿರುವುದು ಅಲ್ಲಿಯೇ. ಅದನ್ನು ಓದದೆ ಬಾಯಿ ತೆರೆದ ಹುಡುಗರ ಅಂಗೈಗೆ ಫೂಟುಪಟ್ಟಿಯಿಂದ ಬಾರಿಸಿದ್ದೇನೆ. ಹಾಗೆ ಬಾರಿಸಿಕೊಂಡವರಲ್ಲಿ ಸಿದ್ದಾರೂಢನೂ ಒಬ್ಬ. ಅವನು ನನ್ನ ಗೆಳೆಯ ಖಂಡೆಪ್ಪನ ಮಗ. ಖಂಡೆಪ್ಪ ತೀರಿಕೊಂಡು ಆರು ವರ್ಷವಾಯಿತು. ಈಗ ಊರಿನ ಅಂಚಿಗಿರುವ ನಾಲ್ಕು ಎಕರೆಯನ್ನು ಸಿದ್ದಾರೂಢ ಮತ್ತು ಅವನ ತಾಯಿ ಚನ್ನವ್ವ ನೋಡಿಕೊಳ್ಳುತ್ತಾರೆ. ಚೊಕ್ಕ ಬೇಸಾಯ. ಬಿಳಿಜೋಳ, ಕಡಲೆ, ಅಂಚಿಗೆ ಕುಸುಬಿ. ಯಾರ ಮುಂದೆಯೂ ಕೈಯೊಡ್ಡಿದವರಲ್ಲ, ಕೊಟ್ಟವರು.

ಕೊಟ್ಟದ್ದೇ ತಪ್ಪಾಯಿತು ನೋಡಿ.

ಎಳ್ಳಮಾವಾಸ್ಯೆಯ ದಿನ ಹೊಲ ಇದ್ದವರು ತಂತಮ್ಮ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಮಾಡಿದ ಅಡಿಗೆಯಲ್ಲಿ ಮೊದಲ ತುತ್ತು ಭೂಮಿತಾಯಿಗೆ. ಅದನ್ನು ಹೊಲದ ತುಂಬ ಚೆಲ್ಲಿ ಬಂದ ಮೇಲೆ ಮನುಷ್ಯರ ಊಟ. ಹೊಲ ಇಲ್ಲದವರು? ಅವರಿಗೆ ಚನ್ನವ್ವನ ಹೊಲ ಇತ್ತು. ಮಾಸ್ತರರು, ಟೇಲರುಗಳು, ಡಿಪೋದ ಡ್ರೈವರುಗಳು, ಹಮಾಲರು, ಅವರ ಹೆಂಡಿರು ಮಕ್ಕಳು, ಕಡಿಮೆಯೆಂದರೆ ಇನ್ನೂರು ಜನ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜೆ. ಆಮೇಲೆ ಖಂಡೆಪ್ಪ ಮುಂದೆ ಮುಂದೆ ಚರಗ ಚೆಲ್ಲುತ್ತ ಹೋದರೆ, ಹಿಂದೆ ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ಹೋಗುವವನು ನಾನು. ನಲವತ್ತು ವರ್ಷ ಆ ತಂಬಿಗೆ ನನ್ನ ಕೈಯಲ್ಲಿತ್ತು. ಖಂಡೆಪ್ಪ ಹೋದ ಮೇಲೆ ಸಿದ್ದಾರೂಢ ಚೆಲ್ಲತೊಡಗಿದ, ತಂಬಿಗೆ ಮಾತ್ರ ನನ್ನ ಕೈ ಬಿಡಲಿಲ್ಲ. ಅದಾದ ಮೇಲೆ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಕಡಬು, ಶೇಂಗಾ ಹೋಳಿಗೆ. ಕೌದಿ ಹೊಲಿಯುವ ರಮಜಾನಬಿ, ಎಪ್ಪತ್ತು ದಾಟಿದ ಮುದುಕಿ, ಪ್ರತಿ ವರ್ಷ ಹಾಸಲು ಒಂದು ಹೊಸ ಕೌದಿ ತರುತ್ತಿದ್ದಳು. ಆಕೆಯ ಮಗ್ಗುಲಲ್ಲೇ ಕುಳಿತು ಉಣ್ಣುವುದು ನನ್ನ ರೂಢಿ, ಯಾಕೆಂದರೆ ತನ್ನ ಪಾಲಿನ ಹೋಳಿಗೆಯಲ್ಲಿ ಅರ್ಧ ಮುರಿದು ನನ್ನ ಎಲೆಗೆ ಹಾಕುತ್ತಿದ್ದಳು.

ಹೋದ ವರ್ಷ ಅದೇ ದಿನ ತಲೆಯ ಮೇಲೆ ಡ್ರೋನು ಬಂತು. ಊರು ಮುಂದಿನ ಇಪ್ಪತ್ತು ವರ್ಷ ಹೇಗೆ ಬೆಳೆಯಬೇಕು, ಮನೆ ಎಲ್ಲಿ, ಅಂಗಡಿ ಎಲ್ಲಿ, ಕಾರ್ಖಾನೆ ಎಲ್ಲಿ, ಹೊಲ ಎಲ್ಲಿ ಎಂದು ಬಣ್ಣ ಹಚ್ಚಿ ನಿರ್ಧರಿಸುವ ಮಾಸ್ಟರ್ ಪ್ಲಾನಿಗಾಗಿ ಅಳತೆ ನಡೆದಿತ್ತು. ಡ್ರೋನಿನ ಹಿಂದೆಯೇ ಕೈಯಲ್ಲಿ ಟ್ಯಾಬು ಹಿಡಿದುಕೊಂಡು ಪಾರ್ಥ ಎಂಬ ತರುಣ ಬಂದ. ಯೋಜನಾ ಕಚೇರಿಯವನು.

"ಅಮ್ಮಾ, ಇದು ಯಾರ ಜಾಗ? ಇಷ್ಟು ಮಂದಿ ಕೂಡ್ಯಾರಲ್ಲ?" ಎಂದು ಕೇಳಿದ.

"ಎಲ್ಲಾರದೂ ಐತಿ ತಮ್ಮಾ, ಇವತ್ತ ನಿಂದೂ ಐತಿ. ಮೊದಲ ಕುಂತು ಉಣ್ಣು," ಎಂದಳು ಚನ್ನವ್ವ.

ಕುಳಿತ. ನಾಲ್ಕು ಕಡಬು ಉಂಡ, ತುಪ್ಪ ಎರಡು ಸಲ ಹಾಕಿಸಿಕೊಂಡ. ಕೈ ತೊಳೆದು ಟ್ಯಾಬಿನಲ್ಲಿ ಏನೋ ಒತ್ತಿ ಹೋದ. ನಾವೆಲ್ಲ ಎಷ್ಟು ಛಲೋ ಹುಡುಗ ಎಂದೆವು.

ಶ್ರಾವಣದಲ್ಲಿ ಪುರಸಭೆಯ ಸಭಾಗೃಹದ ಗೋಡೆಗೆ ನಕಾಶೆ ತೂಗುಹಾಕಿದರು. ತಕರಾರು ಇದ್ದವರು ಎರಡು ತಿಂಗಳೊಳಗೆ ಬರೆದುಕೊಡಬೇಕು. ಸಿದ್ದಾರೂಢ ನನ್ನನ್ನು ಕರೆದುಕೊಂಡು ಹೋದ. ಜನ ಸಂತೆಯಂತೆ ನೆರೆದಿದ್ದರು. ಎಲ್ಲರಿಗೂ ತಮ್ಮ ಹೊಲ ಹಳದಿಯಾಗಿದೆಯೇ ಎಂಬುದೊಂದೇ ಚಿಂತೆ, ಹಳದಿಯಾದರೆ ಪ್ಲಾಟು ಮಾಡಿ ಮಾರಬಹುದು. ಚನ್ನವ್ವನ ಹೊಲದ ಮಗ್ಗುಲಿನ ಜಾಗವನ್ನು ಪುರಸಭೆ ಅಧ್ಯಕ್ಷರ ಭಾವಮೈದುನ ಆಗಲೇ ಕೊಂಡು ರಾಜೇಶ್ವರಿ ನಗರ ಎಂದು ಕಮಾನು ಕಟ್ಟಿಸಿದ್ದ, ಅದು ಹಳದಿ. ಚನ್ನವ್ವನ ನಾಲ್ಕು ಎಕರೆ ಮಾತ್ರ ಹಸಿರು.

"ಹಸರ ಅದ್ರೀ ಸರ. ಏನದು?" ಎಂದ ಸಿದ್ದಾರೂಢ.

"ಏ ಹುಚ್ಚಾ, ಹಸರು ಅಂದ್ರ ಹೊಲ. ಹೊಲ ಹೊಲಾನೇ ಇರ್ತದ. ಇದಕ್ಕೂ ತಕರಾರು ಕೊಡ್ತೀಯೇನು? ಆರಾಮ ಮನಿಗೆ ಹೋಗಿ ಮಲಕೋ."

ಅವನು ನಕ್ಕ. ಹೊಲ ಮಾರುವ ಮನಸ್ಸು ಅವನಿಗೂ ಇರಲಿಲ್ಲ, ತಾಯಿಗಂತೂ ಇಲ್ಲವೇ ಇಲ್ಲ. ಮನೆಗೆ ಹೋಗಿ ಮಾಸ್ತರ ನೋಡ್ಯಾರ ಎಂದು ಹೇಳಿದ. ಮಾಸ್ತರ ನೋಡಿದ ಮೇಲೆ ಇನ್ನೇನು! ಮೂಲೆಯಲ್ಲಿ ಸೂಚಿ ಇತ್ತು. ಇರುವೆ ಗಾತ್ರದ ಅಕ್ಷರ, ಅದೂ ಇಂಗ್ಲಿಷು. ನನ್ನ ಚಷ್ಮಾ ಅಂಗಿಯ ಕಿಸೆಯಲ್ಲೇ ಇತ್ತು. ತೆಗೆಯಲಿಲ್ಲ. ಸೊಕ್ಕು, ಇನ್ನೇನಲ್ಲ.

ಕಾರ್ತಿಕದಲ್ಲಿ ಪುರಸಭೆಯ ಆಳುಗಳು ಬಂದು ಬನ್ನಿಗಿಡದ ಪಕ್ಕದಲ್ಲೇ ಗುಂಡಿ ತೋಡಿ ಬೋರ್ಡು ನೆಟ್ಟರು: "ಸಾರ್ವಜನಿಕ ಉದ್ಯಾನಕ್ಕಾಗಿ ಕಾಯ್ದಿರಿಸಿದ ಜಾಗ." ಸಿದ್ದಾರೂಢ ನನ್ನ ಮನೆಗೆ ಓಡಿ ಬಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನೆದುರು ಅಂಗೈ ಬಿಚ್ಚಿ ನಿಂತ.

"ಸರ, ಸೂಚಿ ಓದಿದ್ರೇನ್ರಿ?" ಎಂದ.

ಮರುದಿನ ಯೋಜನಾ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ಪಾರ್ಥ ಬಂದ, ನಮಸ್ಕಾರ ಮಾಡಿದ, ಕುರ್ಚಿ ಕೊಟ್ಟ. ಅವನ ವಿನಯ ಕಂಡು ಸಿಟ್ಟು ಇನ್ನಷ್ಟು ಏರಿತು. ಈ ಸಲ ಚಷ್ಮಾ ಹಾಕಿಕೊಂಡೇ ಸೂಚಿ ಓದಿದೆ. ತಿಳಿ ಹಸಿರು ಎಂದರೆ ಕೃಷಿ. ಗಾಢ ಹಸಿರು ಎಂದರೆ ಉದ್ಯಾನ ಮತ್ತು ಬಯಲು ಜಾಗ. ಚನ್ನವ್ವನದು ಗಾಢ ಹಸಿರು.

"ಎರಡು ತಿಂಗಳು ಟೈಮ್ ಕೊಟ್ಟಿದ್ವಿ ಸರ್. ಈ ಸರ್ವೆ ನಂಬರಿಗೆ ಒಂದೂ ತಕರಾರು ಬಂದಿಲ್ಲ," ಎಂದ ಪಾರ್ಥ.

"ಅದು ನನ್ನ ತಪ್ಪು. ನಿಮ್ಮ ತಪ್ಪು ಏನದ ಅದನ್ನ ಹೇಳ್ರಿ. ಇದು ಉದ್ಯಾನ ಅಂತ ಯಾವ ದೇವರು ಕನಸಿನಾಗ ಬಂದು ಹೇಳಿದ?"

ಫೈಲು ತೆರೆದ. ಮೇಲಿಂದ ತೆಗೆದ ಫೋಟೋ. ಬನ್ನಿಗಿಡ, ಸುತ್ತ ಕೌದಿ, ಕಂಬಳಿ, ಸಾಲಾಗಿ ಎಲೆ. ಕೆಳಗೆ ಅವನದೇ ಬರಹ: ಇನ್ನೂರಕ್ಕೂ ಹೆಚ್ಚು ಜನ ಸೇರಿದ್ದಾರೆ, ಸ್ಥಳೀಯರ ಹೇಳಿಕೆಯಂತೆ ಜಾಗ ಎಲ್ಲರಿಗೂ ಸೇರಿದ್ದು, ಸಾರ್ವಜನಿಕ ವಿಹಾರಕ್ಕೆ ಬಳಕೆಯಲ್ಲಿದೆ.

"ನಿಮ್ಮ ಊರು ಯಾವುದೋ ತಮ್ಮಾ?"

"ಮನಗೂಳಿ ಸರ್."

"ಮನಗೂಳಿ! ಇಲ್ಲೇ ಮಗ್ಗಲದ ಮನಗೂಳಿಯಾಗ ಹುಟ್ಟಿ ಎಳ್ಳಮಾವಾಸ್ಯೆ ಗೊತ್ತಿಲ್ಲಾ ನಿಮಗ?"

"ಗೊತ್ತದ ಸರ್," ಎಂದು ತಲೆ ತಗ್ಗಿಸಿದ. "ಆದ್ರ ಫಾರ್ಮಿನೊಳಗ ಹಬ್ಬ ಅನ್ನೋ ಕಾಲಂ ಇರಲಿಲ್ಲ."

ಉಂಡ ಮನೆಯ ಜಂತಿ ಎಣಿಸಬಾರದು ಎನ್ನುತ್ತಾರೆ. ಈ ಮಹಾರಾಯ ಚನ್ನವ್ವನ ಕಡಬು ತಿಂದು, ಕೈ ಒರೆಸಿಕೊಂಡು, ಉಣ್ಣುತ್ತಿದ್ದ ತಲೆಗಳನ್ನೇ ಎಣಿಸಿದ್ದ. ಅದನ್ನು ಅವನ ಮುಖದ ಮೇಲೆಯೇ ಹೇಳಿದೆ. ಹೊರಗಿನ ಬೆಂಚಿನ ಮೇಲೆ ಕುಳಿತವರೆಲ್ಲ ಇಣುಕಿ ನೋಡುವಷ್ಟು ಜೋರಾಗಿ ಹೇಳಿದೆ. ಅವನ ಕಿವಿ ಕೆಂಪಾದವು. ಆಮೇಲೆ ಬಾಗಿಲು ಮುಂದೆ ಮಾಡಿ, ಸಣ್ಣ ದನಿಯಲ್ಲಿ ಇನ್ನೊಂದು ಮಾತು ಹೇಳಿದ. ಲೇಔಟು ಮಾಡುವವರು ತಮ್ಮ ಜಾಗದಲ್ಲೇ ಉದ್ಯಾನಕ್ಕೆಂದು ಪಾಲು ಬಿಡಬೇಕು. ರಾಜೇಶ್ವರಿ ನಗರಕ್ಕೆ ಅದರಿಂದ ವಿನಾಯಿತಿ ಸಿಕ್ಕಿದೆ. ಕಾರಣ, ಮಗ್ಗುಲಲ್ಲೇ ದೊಡ್ಡ ಉದ್ಯಾನ ಬರುತ್ತದಲ್ಲ! ಬಿಡಬೇಕಾಗಿದ್ದ ಆ ಪಾಲು ಹನ್ನೊಂದು ಪ್ಲಾಟಾಗಿ ಮಾರಾಟವಾಗಿದೆ.

ಥೂ! ಊರಿಗೆ ಉದ್ಯಾನ ಬೇಡ ಎಂದವರು ಯಾರು? ಬೇಕು. ನನ್ನ ಮೊಮ್ಮಕ್ಕಳು ಆಡಲಿಕ್ಕೆ ಇಡೀ ಊರಲ್ಲಿ ಒಂದು ಗೇಣು ಜಾಗವಿಲ್ಲ. ಆದರೆ ಉದ್ಯಾನ ಯಾವಾಗಲೂ ಉಣ್ಣಲಿಕ್ಕೆ ಹಾಕಿದವಳ ಹೊಲದಲ್ಲೇ ಯಾಕೆ ಬೆಳೆಯಬೇಕು?

"ದಾರಿ ಒಂದದ ಸರ್," ಎಂದ ಪಾರ್ಥ. "ಮರುಪರಿಶೀಲನೆಗೆ ಅರ್ಜಿ ಕೊಡ್ರಿ. ನಾ ಮ್ಯಾಲೆ ಕಳಸ್ತೇನಿ."

ಅರ್ಜಿ ಬರೆದೆವು. ಮೂರು ವಾರದಲ್ಲಿ ಉತ್ತರ ಬಂತು. ಮರುಪರಿಶೀಲನೆ ಆಗುತ್ತದೆ, ಹೊಲದಲ್ಲಿ ಮಾಲೀಕರ ಹೊರತು ಬೇರೆಯವರು ಕಾಣದಿದ್ದರೆ ಕೃಷಿ ಎಂದು ತಿದ್ದಲಾಗುವುದು. ಆದರೆ ಹೋಲಿಸಿ ನೋಡಲು ಹಿಂದಿನ ಫೋಟೋ ಯಾವ ತಿಥಿಯದೋ ಅದೇ ತಿಥಿಯ ಫೋಟೋ ಬೇಕು. ಅಂದರೆ ಎಳ್ಳಮಾವಾಸ್ಯೆ! ಯಾವ ಪುಣ್ಯಾತ್ಮ ಈ ಷರತ್ತು ಬರೆದನೋ, ಅವನ ಹೊಟ್ಟೆ ತಣ್ಣಗಿರಲಿ.

ಚನ್ನವ್ವನಿಗೆ ಓದಿ ಹೇಳಿದೆ. ಆಕೆ ಜೋಳ ಹಸನು ಮಾಡುತ್ತಿದ್ದಳು, ಮೊರ ಕೆಳಗಿಟ್ಟಳು.

"ಅಂದ್ರ ಈ ವರ್ಷ ಯಾರನ್ನೂ ಕರೀಬಾರ್ದೇನ್ರಿ?"

"ಈ ವರ್ಷ ಒಂದ ಸಲ. ಹೊಲ ಉಳೀಲಿ."

"ಬಂದವರನ್ನ ಹೊಳ್ಳಿ ಕಳಿಸೋದು ನನ್ನ ಕೈಲೆ ಆಗೂದಿಲ್ರಿ ಮಾಸ್ತರ. ಅದನ್ನ ನೀವ ಮಾಡ್ರಿ."

ಮಾಡಿದೆ. ಮನೆ ಮನೆಗೆ ಹೋಗಿ, ಈ ವರ್ಷ ಬರಬ್ಯಾಡ್ರಿ ಎಂದು ಹೇಳಿದೆ. ಕೆಲವರು ತಿಳಿದುಕೊಂಡರು. ಕೆಲವರು ಮುಖ ತಿರುವಿದರು. ಒಬ್ಬ ಡ್ರೈವರನಂತೂ, ಪ್ಲಾಟ ಮಾಡಿ ಮಾರೋ ಹಂಚಿಕಿ ಇರಬೇಕು ಎಂದು ನನ್ನೆದುರೇ ಅಂದ. ಅವನಿಗೂ ನಾಲ್ಕು ಮಾತು ಬೈದು ಬಂದೆ.

ಎಳ್ಳಮಾವಾಸ್ಯೆ ಬಂತು. ನಾನು ತಂಬಿಗೆ ಹಿಡಿದು ಬೆಳಿಗ್ಗೆಯೇ ಹೊಲದ ಬದುವಿನ ಮೇಲೆ ನಿಂತೆ. ಒಳಗೆ ಬನ್ನಿಗಿಡದ ಬುಡದಲ್ಲಿ ಚನ್ನವ್ವ ಮತ್ತು ಸಿದ್ದಾರೂಢ, ಇಬ್ಬರೇ. ಆದರೆ ಬುಟ್ಟಿಗಳು ಎಂಟು! ಇದೇನು ಎಂದು ಕೇಳಿದರೆ, ಕಡಿಮಿ ಮಾಡಾಕ ಕೈ ಬರಲಿಲ್ಲ ಎಂದಳು. ಹನ್ನೊಂದಕ್ಕೆ ಪಾರ್ಥ ಬಂದ. ನೆರಳು ಬೀಳದ ಹೊತ್ತಿನಲ್ಲಿ, ನಡುಮಧ್ಯಾಹ್ನಕ್ಕೆ ಡ್ರೋನು ಹಾರಿಸುತ್ತೇನೆ ಎಂದು ಹೇಳಿ ಬೇವಿನ ಗಿಡದ ಕೆಳಗೆ ಪೆಟ್ಟಿಗೆ ಬಿಚ್ಚಿದ.

ಅಷ್ಟರಲ್ಲಿ ದೂರದಿಂದ ರಮಜಾನಬಿ ಬಂದಳು, ಹೆಗಲ ಮೇಲೆ ಹೊಸ ಕೌದಿ. ಆಕೆಗೆ ಹೇಳುವುದನ್ನೇ ನಾನು ಮರೆತಿದ್ದೆ.

"ಬೀಬಿ, ಈ ವರ್ಷ ಒಳಗ ಹೋಗಬ್ಯಾಡ್ರಿ," ಎಂದು ಅಡ್ಡ ನಿಂತೆ.

"ಯಾಕ್ರಿ ಮಾಸ್ತರ? ಯಾರರ ತೀರಿಕೊಂಡಾರೇನು?"

"ಇಲ್ಲ. ಮ್ಯಾಲಿಂದ ಫೋಟೋ ತೆಗೀತಾರ. ಒಳಗ ಮಂದಿ ಕಂಡ್ರ ಹೊಲ ಹೋಗ್ತದ."

ಮುದುಕಿ ತಲೆಯೆತ್ತಿ ಆಕಾಶ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ನಾ ಒಬ್ಬಾಕಿ ಕುಂತ್ರ ನಾಲ್ಕ ಎಕರೆ ಹೋಗತೈತೇನ್ರಿ?"

ಅಡ್ಡ ನಿಂತವನು ನಾನು ಸರಿಯಲಿಲ್ಲ. ಆಕೆ ಕೌದಿಯನ್ನು ಬದುವಿನ ಮೇಲಿಟ್ಟಳು. "ಚನ್ನವ್ವಗ ಕೊಡ್ರಿ, ಮ್ಯಾಲಿಂದ ಕೌದಿ ಕಂಡ್ರ ಏನೂ ಆಗೂದಿಲ್ಲಲ್ಲ?" ಎಂದು ತಿರುಗಿ ನಡೆದಳು.

ಚನ್ನವ್ವ ಎಲ್ಲವನ್ನೂ ನೋಡಿದ್ದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜೋಳದ ನಡುವಿನಿಂದ ಬಂದ ವೇಗಕ್ಕೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಯಾರನ್ನ ಹೊಳ್ಳಿ ಕಳಿಸಿದ್ರಿ ಮಾಸ್ತರ?"

"ನಿನ್ನ ಹೊಲದ ಸಲುವಾಗಿ ಚನ್ನವ್ವ..."

"ಹೊಲಾ ಹೊಲಾ! ಉಣ್ಣಾಕ ಬಂದ ಮುದುಕಿ ಹಸಕೊಂಡು ಹೊಳ್ಳಿ ಹೋದ್ರ ಈ ಹೊಲದಾಗ ಏನ ಬೆಳೀತೈತ್ರಿ? ಕಸಾ?" ಅಷ್ಟಂದು ಆಕೆ ಪಾರ್ಥನ ಕಡೆ ತಿರುಗಿದಳು. ಬೆರಳು ಮಗ್ಗುಲಿನ ರಾಜೇಶ್ವರಿ ನಗರದ ಕಡೆ ಇತ್ತು. "ಏ ತಮ್ಮಾ, ನಿನ್ನ ಫೋಟೋದಾಗ ಆ ಜಾಗಾನೂ ಬರತೈತೇನು?"

"ಬರ್ತದ ಅಮ್ಮಾ. ಸುತ್ತಲಿನ ಜಾಗ ಎಲ್ಲಾ ಬರ್ತಾವು."

"ಮಂದಿ ಕುಂತು ಉಂಡ ಜಾಗ ಸಾರ್ವಜನಿಕ ಅಂತ ನೀನ ಬರದೀದಿ, ಹೌದಿಲ್ಲೋ?"

"ಹೌದ್ರಿ," ಎಂದ ಅವನು. ಎಲ್ಲಿಗೆ ಬಂತು ಮಾತು ಎಂದು ಅವನಿಗೆ ತಿಳಿದಿರಲಿಲ್ಲ. ನನಗೆ ತಿಳಿಯಿತು.

"ಸಿದ್ದಾ! ಫೋನ್ ಹಚ್ಚು ಎಲ್ಲಾರಿಗೂ. ಚನ್ನವ್ವನ ಚರಗ ಐತಿ, ಬರ್ರಿ ಅನ್ನು. ಹೊಲದಾಗ ಕಾಲ ಇಡಬ್ಯಾಡ್ರಿ, ಕಮಾನಿನ ಒಳಗ ಬರ್ರಿ ಅನ್ನು. ಏ ರಮಜಾನವ್ವಾ, ನಿಂದರ! ನಿನ್ನ ಕೌದಿ ಮೊದಲ ಹಾಸಬೇಕು!"

ಅರ್ಧ ತಾಸಿನಲ್ಲಿ ಜನ ಬಂದರು. ಆಟೋದಲ್ಲಿ, ಸೈಕಲ್ಲಿನಲ್ಲಿ, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ನಡೆದುಕೊಂಡು. ನನಗೆ ಮುಖ ತಿರುವಿದವರೂ ಬಂದರು, ಆ ಡ್ರೈವರನೂ ಬಂದ. ರಾಜೇಶ್ವರಿ ನಗರದ ಬಿಳಿ ಗೂಟಗಳ ನಡುವೆ, ಉದ್ಯಾನಕ್ಕೆ ಬಿಡಬೇಕಾಗಿದ್ದ ಆ ಹನ್ನೊಂದು ಪ್ಲಾಟುಗಳಲ್ಲೇ ಹುಡುಕಿ ಹುಡುಕಿ ಕೌದಿ ಹಾಸಿದೆವು. ಬುಟ್ಟಿ ಎಂಟೂ ಹೊತ್ತು ತಂದೆವು. ಎಲೆ ಹಾಕಿದ್ದಾಯಿತು, ಬಡಿಸಿದ್ದಾಯಿತು. ಚರಗ ಚೆಲ್ಲುವ ಮೊದಲು ಯಾರೂ ಉಣ್ಣುವಂತಿಲ್ಲವಾದ್ದರಿಂದ ಎಲ್ಲರೂ ಎಲೆಯ ಮುಂದೆ ಕೈ ಕಟ್ಟಿ ಕುಳಿತರು. ಡ್ರೋನು ಗುಂಯ್ ಎಂದು ಮೇಲೇರಿತು.

ಸುದ್ದಿ ಹೋಗಿ ಭಾವಮೈದುನ ಮೋಟರ್‌ಸೈಕಲ್ ಮೇಲೆ ಬಂದೇಬಿಟ್ಟ. "ಯಾರ ಜಾಗದಾಗ ಕುಂತೀರಿ? ಎದ್ದೇಳ್ರಿ!" ಎಂದು ಕಿರುಚಿದ.

"ಮಗ್ಗಲದಾಗ ಉದ್ಯಾನ ಐತಿ ಅಂತ ಹೇಳಿ ಮಾರಿದ್ಯಲ್ಲೋ ಹನ್ನೊಂದ ಪ್ಲಾಟ, ಅದರಾಗ ಕುಂತೇವಿ," ಎಂದಳು ಚನ್ನವ್ವ. "ನೀನೂ ಕುಂಡ್ರು. ಒಂದ ತಲಿ ಹೆಚ್ಚಿಗಿ ಎಣಿಸ್ತಾನ."

ಅವನು ಮೇಲೆ ನೋಡಿದ, ಪಾರ್ಥನ ಟ್ಯಾಬು ನೋಡಿದ, ಇನ್ನೂರು ಜನರ ಮುಖ ನೋಡಿದ. ಗಾಡಿ ಹಿಂದಕ್ಕೆ ತಳ್ಳಿಕೊಂಡು ಕಮಾನಿನಾಚೆ ಹೋಗಿ ಫೋನ್ ಹಚ್ಚುತ್ತ ನಿಂತ.

ಪಾರ್ಥ ನನ್ನ ಬಳಿ ಬಂದ. ಬೆವರುತ್ತಿದ್ದ. "ಸರ್, ಇದನ್ನ ಹೆಂಗ ಬರೀಲಿ?"

"ಹ್ವಾದ ವರ್ಷ ಹೆಂಗ ಬರದ್ರಿ ಹಂಗ ಬರೀರಿ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮಿಲ್ಲ."

ಅವನು ಟ್ಯಾಬಿನಲ್ಲಿ ಒತ್ತಿದ. ಬರೆದದ್ದನ್ನು ನನ್ನ ಮುಂದೆ ಹಿಡಿದ, ಪಂಚರ, ಅಂದರೆ ಸ್ಥಳದ ಸಾಕ್ಷಿಗಳ, ರುಜು ಬೇಕು ಎಂದ. ನಾನು ಚಷ್ಮಾ ಹಾಕಿಕೊಂಡೆ. ಮೊದಲು ಮೂಲೆಯ ಸೂಚಿ ಓದಿದೆ, ಆಮೇಲೆ ಉಳಿದದ್ದು. ಮಗ್ಗುಲಿನ ಲೇಔಟು: ಇನ್ನೂರಕ್ಕೂ ಹೆಚ್ಚು ಜನ, ಸಾರ್ವಜನಿಕ ವಿಹಾರಕ್ಕೆ ಬಳಕೆಯಲ್ಲಿದೆ. ಚನ್ನವ್ವನ ಹೊಲ: ಕೃಷಿ, ಮಾಲೀಕರು ಇಬ್ಬರು ಮಾತ್ರ. ರುಜು ಮಾಡಿದೆ. ಡ್ರೋನು ಇನ್ನೂ ಹೊಲದ ಮೇಲೆ ಒಂದು ಸುತ್ತು ಹಾಕುವುದಿತ್ತು.

"ಎಣಿಸಿ ಮುಗಿದ ಮ್ಯಾಲೆ ಬಾ ತಮ್ಮಾ, ನಿನಗೂ ಎಲಿ ಹಾಕೇನಿ," ಎಂದು ಚನ್ನವ್ವ ಅವನಿಗೆ ಹೇಳಿದಳು.

ಸಿದ್ದಾರೂಢ ಚರಗದ ಬುಟ್ಟಿ ಹೊತ್ತು ಹೊಲದೊಳಗೆ ಇಳಿದ. ನಾನು ರೂಢಿಯಂತೆ ತಂಬಿಗೆ ಹಿಡಿದು ಅವನ ಹಿಂದೆ ಬದು ದಾಟಲು ಕಾಲೆತ್ತಿದೆ. ಚನ್ನವ್ವ ನನ್ನ ಕೈ ಹಿಡಿದಳು. ನಲವತ್ತು ವರ್ಷದಲ್ಲಿ ಆಕೆ ನನ್ನ ಕೈ ಮುಟ್ಟಿದ್ದು ಅದೊಂದೇ ಸಲ.

"ಬ್ಯಾಡ್ರಿ ಮಾಸ್ತರ," ಎಂದಳು. "ಮೂರ ಮಂದಿ ಆಗ್ತೇವಿ."

ತಂಬಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಆಕೆಯೇ ಮಗನ ಹಿಂದೆ ಹೋದಳು. ಅವರು ಹೊಲ ಸುತ್ತಿ ಬರುವತನಕ ನಾನು ಬದುವಿನ ಈಚೆ ನಿಂತಿದ್ದೆ.